ಎರಡು ಮುಷ್ಟಿ ಹಿಟ್ಟು

ಮುಂಡಗೋಡದ ಹತ್ತಿರದ ಹಳ್ಳಿಯೊಂದಕ್ಕೆ ನರ್ಸ್ ಆಗಿ ಹೋದಾಗ ನನಗೆ ಇಪ್ಪತ್ಮೂರು ವರ್ಷ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೆರಿಗೆ ಮಾಡಿಸುವುದು, ಚುಚ್ಚುಮದ್ದು ಹಾಕುವುದು, ಗುರುವಾರಕ್ಕೊಮ್ಮೆ ಸಣ್ಣ ಮಕ್ಕಳನ್ನು ತೂಗಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಗದಗಿನ ಕಡೆಯ ಎರೆಹೊಲದ ಊರಿನಿಂದ ಬಂದವಳಿಗೆ ಕಾಡಂಚಿನ ಆ ಊರು, ಭತ್ತದ ಗದ್ದೆ, ಹೊತ್ತು ಮುಳುಗುವ ಮೊದಲೇ ಖಾಲಿಯಾಗುವ ರಸ್ತೆ ಎಲ್ಲ ಹೊಸತು. ಮೊದಲೇ ನನ್ನದು ಕೂತಲ್ಲಿ ಕೂರಲಾಗದ ಸ್ವಭಾವ. ಬಾಗಿಲಿಗೆ ಕೀಲಿ ಹಾಕಿಕೊಂಡು ಅರ್ಧ ದಾರಿ ಹೋದ ಮೇಲೆ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬರುವವಳು. ಹೆರಿಗೆಯಾದ ಮನೆಗೆ ಮರುದಿನ ಮೂರು ಸಲ ಹೋಗಿ ಕೂಸಿನ ಹೊಕ್ಕಳು ನೋಡುವವಳು. ಬಾಣಂತಿಯರು ಸೆರಗು ಅಡ್ಡ ಹಿಡಿದು ನಗುತ್ತಿದ್ದರು.

ರಸ್ತೆ ಬದಿಯ ಒಂದು ಮನೆಯ ಅರ್ಧ ಭಾಗವನ್ನು ಬಾಡಿಗೆಗೆ ಹಿಡಿದಿದ್ದೆ. ಇನ್ನರ್ಧದಲ್ಲಿ ಮನೆಯ ಒಡತಿ ಎರಡು ಎಮ್ಮೆ ಕಟ್ಟಿಕೊಂಡು ಇದ್ದಳು. ಅವಳ ಗಂಡ ಕಟ್ಟಿಗೆ ಡಿಪೋದ ಕಾವಲಿಗೆ ಹೋದರೆ ಎಂಟು ದಿನಕ್ಕೊಮ್ಮೆ ಬರುವವನು. ನಾನು ಅವಳನ್ನು ಚಿಕ್ಕಮ್ಮ ಎನ್ನುವ ಹಾಗೆ ಕಾಕು ಎನ್ನುತ್ತಿದ್ದೆ. ನರ್ಸ್ ಎಂದು ಅವಳೂ ಊರವರೂ ನನ್ನನ್ನು ಬಾಯಾರು ಎನ್ನುತ್ತಿದ್ದರು.

ಆ ರಸ್ತೆ ಮುಂದೆ ಟಿಬೆಟಿಯನ್ನರ ಕ್ಯಾಂಪಿಗೆ ಹೋಗುತ್ತದೆ. ಕ್ಯಾಂಪಿನವರಿಗೆ ಅವರದೇ ದವಾಖಾನೆ ಇತ್ತು. ಆದರೆ ಆ ವರ್ಷದ ಮಳೆಗಾಲದಲ್ಲಿ ಹಳ್ಳ ತುಂಬಿ ಜೀಪು ದಾಟದೆ ನಿಂತಾಗ, ಈಚೆ ದಡದ ಹೊಲದ ಗುಡಿಸಲಿನಲ್ಲಿ ನೋವು ತಿನ್ನುತ್ತಿದ್ದ ಅವರ ಸೊಸೆಯೊಬ್ಬಳಿಗೆ ನಾನೇ ಹೆರಿಗೆ ಮಾಡಿಸಬೇಕಾಯಿತು. ಆ ಸೊಸೆಯ ಅತ್ತೆ ಅರವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಅಂದಿನಿಂದ ಸಂತೆಗೆ ಹೋಗುವಾಗಲೆಲ್ಲ ನನ್ನ ಬಾಗಿಲಲ್ಲಿ ನಿಂತು ಮಾತಾಡಿಸಿಯೇ ಮುಂದೆ ಹೋಗುವಳು. ಅವಳದು ಅರ್ಧ ಹಿಂದಿ, ಕಾಲು ಕನ್ನಡ, ಉಳಿದದ್ದೆಲ್ಲ ಕೈಸನ್ನೆ.

ದೀಪಾವಳಿ ಮುಗಿದ ವಾರ ಅವಳು ಒಂದು ಕೈಯಲ್ಲಿ ನಾಯಿಯ ಹಗ್ಗ, ಇನ್ನೊಂದು ಕೈಯಲ್ಲಿ ಸಣ್ಣ ಹಿಟ್ಟಿನ ಚೀಲ ಹಿಡಿದು ಬಂದಳು. ಚಳಿಗಾಲದಲ್ಲಿ ಕ್ಯಾಂಪಿನ ಜನ ದೊಡ್ಡ ಊರುಗಳಿಗೆ ಸ್ವೆಟರ್ ಮಾರಲು ಹೋಗುತ್ತಾರೆ. ಇವಳ ಮನೆಯವರು ಪುಣೆಗೆ ಹೋಗುವವರು. ಪ್ರತಿ ವರ್ಷ ಮನೆ ಕಾಯುತ್ತಿದ್ದ ಅವಳ ಅಕ್ಕ ಆ ಬೇಸಿಗೆಯಲ್ಲಿ ತೀರಿಕೊಂಡಿದ್ದಳು. ಈಗ ನಾಯಿಯನ್ನು ನೋಡಿಕೊಳ್ಳುವವರಿಲ್ಲ, ಮೂರು ತಿಂಗಳು ಇಟ್ಟುಕೋ ಎಂದಳು. ನಾನು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಹೂಂ ಎಂದುಬಿಟ್ಟಿದ್ದೆ. ನಾಯಿ ಸಾಕಿ ನನಗೆ ಗೊತ್ತಿರಲಿಲ್ಲ. ಎಷ್ಟು ಹಾಕಬೇಕು ಎಂದು ಕೇಳಿದೆ. ಅವಳು ಚೀಲದೊಳಗೆ ಕೈ ಹಾಕಿ ಒಂದು ಮುಷ್ಟಿ ಹುರಿದ ಬಾರ್ಲಿ ಹಿಟ್ಟು ತೆಗೆದು ತೋರಿಸಿದಳು, ಮತ್ತೆ ಚೀಲಕ್ಕೇ ಬಿಟ್ಟಳು. ಆಮೇಲೆ ಎರಡು ಬೆರಳು ಎತ್ತಿದಳು. ಅಷ್ಟರಲ್ಲಿ ತಿರುವಿನಲ್ಲಿ ಬಸ್ಸು ಹಾರ್ನ್ ಹೊಡೆಯಿತು. ನಾಯಿಯ ತಲೆ ಮುಟ್ಟಿ, ನನ್ನ ಗಲ್ಲ ಮುಟ್ಟಿ, ಅವಳು ಓಡಿದಳು.

ಬಸ್ಸು ಕಣ್ಮರೆಯಾದ ಮೇಲೆ ನನಗೆ ಹೊಳೆಯಿತು. ಎರಡು ಬೆರಳೆಂದರೆ ದಿನಕ್ಕೆ ಎರಡು ಮುಷ್ಟಿಯೋ, ಎರಡು ಹೊತ್ತೋ, ಎರಡು ಹೊತ್ತೂ ಎರಡೆರಡು ಮುಷ್ಟಿಯೋ? ಒಂದು ಲೆಕ್ಕ ಹಿಡಿದರೆ ಇನ್ನೊಂದರ ದುಪ್ಪಟ್ಟಾಗುತ್ತದೆ. ಅದೂ ಅವಳ ಮುಷ್ಟಿ ನನ್ನದರ ಒಂದೂವರೆಯಷ್ಟು. ಪುಣೆಯಲ್ಲಿ ಯಾವ ರಸ್ತೆಯಲ್ಲಿ ಕೂರುತ್ತಾಳೋ, ಕಾಗದ ಬರೆಯೋಣವೆಂದರೆ ವಿಳಾಸವಿಲ್ಲ.

ನಾಯಿ ಮೊಣಕಾಲೆತ್ತರವೂ ಇರಲಿಲ್ಲ. ಬಣ್ಣ ಹುರಿದ ಗೋದಿಯಂಥದು, ಕೂದಲು ನೆಲಕ್ಕೆ ತಾಗುವಷ್ಟು ಉದ್ದ. ಕಣ್ಣು ಎಲ್ಲಿದೆ ಎಂದು ಹುಡುಕಬೇಕು. ಅದಕ್ಕೆ ಅವರ ಭಾಷೆಯದೊಂದು ಹೆಸರಿತ್ತು. ನಾನು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ನನ್ನ ಉಚ್ಚಾರ ಸರಿಯಿರಲಿಲ್ಲವೇನೋ. ಬಂದ ದಿನದಿಂದ ಅದು ಅಂಗಳದ ಬೇಲಿಯ ಹತ್ತಿರ ರಸ್ತೆಗೆ ಮುಖ ಮಾಡಿ ಕೂತಿತು. ಹಿಟ್ಟು ಕಲಸಿ ಇಟ್ಟೆ, ಮೂಸಲಿಲ್ಲ. ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಇಟ್ಟೆ, ಇರುವೆ ಮುತ್ತಿದವು. ಅನ್ನ ಇಟ್ಟೆ, ಕಾಗೆ ತಿಂದವು. ನಾಲ್ಕು ದಿನ ಬರೀ ನೀರು ಕುಡಿಯಿತು.

ಆ ನಾಲ್ಕು ದಿನ ನನ್ನ ಕೆಲಸ ಕೆಲಸವಾಗಿರಲಿಲ್ಲ. ಚುಚ್ಚುಮದ್ದಿನ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಎರಡು ಮೈಲಿ ನಡೆದು ಹೋದವಳು, ಮಧ್ಯಾಹ್ನ ಊಟದ ನೆಪ ಮಾಡಿ ಎರಡು ಮೈಲಿ ತಿರುಗಿ ಬಂದು ಬಟ್ಟಲು ನೋಡುತ್ತಿದ್ದೆ. ಬಟ್ಟಲು ಹಾಗೇ ಇರುವುದು. ಮತ್ತೆ ಎರಡು ಮೈಲಿ. ಹಸಿದರೆ ತಾನೇ ತಿನ್ನುತ್ತದೆ, ನೀವು ಅದರ ಮುಂದೆ ಹೀಗೆ ಸುಳಿದಾಡಬೇಡಿರಿ ಎಂದು ಕಾಕು ಹೇಳಿದಳು. ನಾನು ಸುಳಿದಾಡುವುದನ್ನು ಬಿಡಲಿಲ್ಲ.

ಐದನೆಯ ದಿನ ಬೆಳಿಗ್ಗೆ ಅದು ತಾನಾಗಿ ಎದ್ದು ಬಂದು ಬಟ್ಟಲು ಖಾಲಿ ಮಾಡಿತು. ಖಾಲಿ ಬಟ್ಟಲನ್ನು ನೆಕ್ಕಿ ನೆಕ್ಕಿ ಅಂಗಳದ ತುಂಬ ಉರುಳಿಸಿತು. ನನಗೆ ಕಣ್ಣಲ್ಲಿ ನೀರು ಬಂತು. ಮತ್ತೊಂದು ಮುಷ್ಟಿ ಹಾಕಿದೆ, ಅದೂ ಹೋಯಿತು. ಅವತ್ತಿನಿಂದ ಹೊಸ ಚಿಂತೆ ಹಿಡಿಯಿತು. ಎಷ್ಟು ಹಾಕಿದರೂ ಅದು ಸಾಕು ಎನ್ನುತ್ತಿರಲಿಲ್ಲ. ಎರಡು ಮುಷ್ಟಿ ಹಾಕಿದರೆ ಎರಡು ಮುಷ್ಟಿ ತಿನ್ನುವುದು, ನಾಲ್ಕು ಹಾಕಿದರೆ ನಾಲ್ಕು. ತಿಂದು ಮುಗಿಸಿ ನನ್ನ ಕಾಲ ಹತ್ತಿರ ಕೂತು ಮುಖ ಎತ್ತುವುದು. ಹಸಿವೆಯೋ, ಚಟವೋ, ಒಂಟಿತನವೋ ತಿಳಿಯುವುದು ಹೇಗೆ? ಕೂಸಾದರೆ ಅಳುವಿನಲ್ಲಿ ಗೊತ್ತಾಗುತ್ತದೆ. ಸಣ್ಣಗಾಯಿತೋ ದಪ್ಪಗಾಯಿತೋ ನೋಡೋಣವೆಂದರೆ ಮೈಯೆಲ್ಲ ಕೂದಲು. ಬೆಳಿಗ್ಗೆ ನೋಡಿದರೆ ದಪ್ಪ ಕಾಣುವುದು, ಸಂಜೆ ನೋಡಿದರೆ ಸೊರಗಿದೆ ಅನಿಸುವುದು. ಹಾಕಿದರೆ ಹೆಚ್ಚಾಯಿತೇನೋ ಎಂದು ಕಳವಳ, ಹಾಕದಿದ್ದರೆ ಇನ್ನೊಬ್ಬರ ನಾಯಿಯನ್ನು ಉಪವಾಸ ಕೆಡವಿದೆನೇನೋ ಎಂದು ಕಳವಳ. ನೋಡಿದರೆ ಎರಡು ತಿಂಗಳಿಗಾಗುವಂತೆ ಕಾಣುತ್ತಿದ್ದ ಚೀಲ ಮೂರು ವಾರಕ್ಕೆ ತಳ ಕಂಡಿತು. ಆಮೇಲೆ ರೊಟ್ಟಿ, ಹಾಲು, ಕಾಕುವಿನ ಮನೆಯ ಮಜ್ಜಿಗೆ ಅನ್ನ ಶುರುವಾಯಿತು.

ಮುಂಡಗೋಡಕ್ಕೆ ಔಷಧಿ ತರಲು ಹೋದ ದಿನ ದನದ ದವಾಖಾನೆಯ ಡಾಕ್ಟರನ್ನು ಕಂಡು ಕೇಳಿದೆ. ಅವರು ಒಂದು ಎತ್ತಿನ ಗೊರಸು ಹಿಡಿದುಕೊಂಡು ಕೂತಿದ್ದರು. ತಲೆ ಎತ್ತದೆಯೇ ಅಂದರು: "ಎಮ್ಮಿಗೆ ಎಷ್ಟು ಹಿಂಡಿ ಅಂತ ಕೇಳ್ರಿ, ಹೇಳ್ತೀನಿ. ನಾಯಿಗೆ ಎಷ್ಟು ಅಂತ ಕೇಳಿದವರು ಈ ತಾಲೂಕಿನಾಗ ನೀವ ಮೊದಲನೇದವ್ರು ನೋಡ್ರಿ."

ಮನೆಯಲ್ಲಿ ಉಳಿದ ಅನ್ನ ರೊಟ್ಟಿ ಹಾಕಿದರೆ ಸಾಕು ಎಂದು ಎಲ್ಲರ ಹಾಗೆ ಅವರೂ ಹೇಳುತ್ತಾರೆ ಅಂದುಕೊಂಡು ಹೊರಟಿದ್ದೆ. ಅವರೇ ಕರೆದರು. ಕೂದಲು ನೋಡಬೇಡಿರಿ, ಕೂದಲೊಳಗೆ ಕೈ ಹಾಕಿ ಪಕ್ಕೆಲುಬು ಮುಟ್ಟಿ ನೋಡಿರಿ ಎಂದರು. ಮುಟ್ಟಿದರೆ ಎಲುಬು ಸಿಗಬೇಕು, ಆದರೆ ಚುಚ್ಚಬಾರದು. ಸಿಗದಿದ್ದರೆ ತಿನಿಸು ಹೆಚ್ಚು, ಚುಚ್ಚಿದರೆ ಕಡಿಮೆ. ಮನೆಗೆ ಬಂದವಳೇ ಮುಟ್ಟಿ ನೋಡಿದೆ. ಸಿಕ್ಕ ಹಾಗೂ ಇತ್ತು, ಸಿಗದ ಹಾಗೂ ಇತ್ತು. ನನ್ನ ಬೆರಳಿನ ಮೇಲೆ ನನಗೇ ನಂಬಿಕೆ ಇರಲಿಲ್ಲ.

ಆಗ ನನ್ನ ಟ್ರಂಕಿನಲ್ಲಿದ್ದ ತಕ್ಕಡಿ ನೆನಪಾಯಿತು. ಮಕ್ಕಳನ್ನು ತೂಗುವ ಸ್ಪ್ರಿಂಗ್ ತಕ್ಕಡಿ ಅದು. ಕೊಂಬೆಗೆ ತೂಗುಹಾಕಿ, ಕೆಳಗಿನ ಕೊಕ್ಕೆಗೆ ಬಟ್ಟೆಯ ಜೋಳಿಗೆ ಸಿಕ್ಕಿಸಿ, ಅದರಲ್ಲಿ ಕೂಸನ್ನು ಕೂರಿಸಿದರೆ ಮುಳ್ಳು ತಿರುಗಿ ಕಿಲೋ ತೋರಿಸುತ್ತದೆ. ಒಂದು ಭಾನುವಾರ ಪಡಸಾಲೆಯ ತೊಲೆಗೆ ಅದನ್ನು ಕಟ್ಟಿ, ಜೋಳಿಗೆಯಲ್ಲಿ ನಾಯಿಯನ್ನು ಕೂರಿಸಿದೆ. ಅದು ಸುಮ್ಮನೆ ಕೂತಿತು. ಏಳು ಕಿಲೋ ಚಿಲ್ಲರೆ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡೆ. ಬಹಳ ದಿನಗಳ ಮೇಲೆ ಮನಸ್ಸಿಗೆ ಸ್ವಲ್ಪ ನೆಮ್ಮದಿಯಾಯಿತು. ಕೈಗೆ ಒಂದು ಅಂಕಿ ಸಿಕ್ಕಿತ್ತು. ಜೋಳಿಗೆಯನ್ನು ಸೋಡಾ ಹಾಕಿ ಕುದಿಸಿ ಒಗೆದು ಬಿಸಿಲಿಗೆ ಹಾಕಿದೆ. ಮುಂದಿನ ಭಾನುವಾರ ಮತ್ತೆ ತೂಗಿದೆ, ಅದರ ಮುಂದಿನ ಭಾನುವಾರವೂ. ನಾಲ್ಕನೆಯ ಸಲಕ್ಕೆ ಎಂಟೂವರೆಯಾಗಿತ್ತು. ಇಷ್ಟು ಬೇಗ ಇಷ್ಟೊಂದು ಏರಬಾರದು ಎಂದು ನನಗೂ ಗೊತ್ತಾಯಿತು. ಈಗೀಗ ಅದು ಹೊಸ್ತಿಲು ದಾಟುವಾಗಲೂ ನಾಲಿಗೆ ಹೊರಹಾಕಿ ಏದುಸಿರು ಬಿಡುತ್ತಿತ್ತು. ಊಟವನ್ನು ಅರ್ಧಕ್ಕೆ ಇಳಿಸಬೇಕು ಎಂದು ತೀರ್ಮಾನಿಸಿ ಅದನ್ನು ಜೋಳಿಗೆಯಿಂದ ಎತ್ತುವಷ್ಟರಲ್ಲಿ, ಕಾಕುವಿನ ಹತ್ತಿರ ಹಾಲು ಒಯ್ಯಲು ಬಂದ ಹೆಂಗಸೊಬ್ಬಳು ಅಂಗಳದಲ್ಲಿ ನಿಂತು ನೋಡುತ್ತಿದ್ದಳು.

ಅವಳು ಜೋಳಿಗೆಯನ್ನೊಮ್ಮೆ, ನಾಯಿಯನ್ನೊಮ್ಮೆ ನೋಡಿದಳು. ತಂಬಿಗೆ ಹಿಡಿದುಕೊಂಡು ಹೊರಟುಹೋದಳು.

ಆ ಗುರುವಾರ ಶಾಲೆಯ ಮುಂದಿನ ಮಾವಿನ ಮರಕ್ಕೆ ತಕ್ಕಡಿ ಕಟ್ಟಿಕೊಂಡು ಮಧ್ಯಾಹ್ನದವರೆಗೆ ನಿಂತೆ. ಒಬ್ಬ ತಾಯಿಯೂ ಬರಲಿಲ್ಲ. ಅಲ್ಲಿಯ ಹೆಂಗಸರಿಗೆ ಮಕ್ಕಳನ್ನು ತೂಗಿಸುವುದೇ ಇಷ್ಟವಿರಲಿಲ್ಲ. ತೂಗಿದರೆ ದೃಷ್ಟಿಯಾಗುತ್ತದೆ, ಕೂಸು ಇಳಿದುಹೋಗುತ್ತದೆ ಎಂಬ ಹೆದರಿಕೆ. ಎಂಟು ತಿಂಗಳು ಮನೆಮನೆ ಅಲೆದು ಒಬ್ಬೊಬ್ಬರನ್ನೇ ಒಪ್ಪಿಸಿ ಕರೆತಂದಿದ್ದೆ. ಈಗ ಆ ಮರದ ಕೆಳಗೆ ನಾನೊಬ್ಬಳೇ. ಜೋಳಿಗೆ ಗಾಳಿಗೆ ಓಲಾಡುತ್ತಿತ್ತು.

ಮನೆಗೆ ಬಂದರೆ ಕಾಕು ಕಟ್ಟೆಯ ಮೇಲೆ ಕೂತಿದ್ದಳು. ಊರಲ್ಲಿ ಏನು ಮಾತು ನಡೆದಿದೆ ಎಂದು ಅವಳಿಗೆ ಗೊತ್ತಿತ್ತು. "ಬಾಯಾರ, ಸಿಟ್ಟಾಗಬ್ಯಾಡ್ರಿ. ಕೂಸಿನ ತೊಟ್ಟಿಲದಾಗ ನಾಯಿ ಮಲಗಿಸಿದಂಗ ಆತು ಇದು," ಎಂದಳು. ಒಗೆದೆನಲ್ಲ, ಕುದಿಸಿದೆನಲ್ಲ ಎಂದು ನಾನು ಹೇಳಹೊರಟೆ. ಅವಳು ಎಮ್ಮೆಯ ಕಡೆ ನೋಡಿದಳು. ಒಗೆಯುವ ಮಾತಲ್ಲ ಅದು ಎಂದು ಹೇಳುತ್ತಾ ಹೇಳುತ್ತಾ ನನಗೇ ತಿಳಿಯಿತು. ನನ್ನ ಒಂದು ಚಿಂತೆ ನೀಗಿಸಿಕೊಳ್ಳಲು ಅವರ ಮಕ್ಕಳ ವಸ್ತು ಮುಟ್ಟಿದ್ದೆ, ಅದೂ ಯಾರನ್ನೂ ಕೇಳದೆ.

ಮರುದಿನ ಸಂತೆಯಲ್ಲಿ ಹೊಸ ಬಟ್ಟೆ ತಂದು ಹೊಸ ಜೋಳಿಗೆ ಹೊಲಿದೆ. ಹಳೆಯದನ್ನು ಸುಟ್ಟೆ. ಹೊಸದನ್ನು ಹೆಗಲ ಮೇಲೆ ಹಾಕಿಕೊಂಡು ಮನೆಮನೆಗೆ ಹೋದೆ. ಕೆಲವರು ಬಾಗಿಲಲ್ಲೇ ನಿಂತು, ಕೆಲಸವಿದೆ, ಇನ್ನೊಮ್ಮೆ ಬರ್ರಿ ಎಂದರು. ಕೆಲವರು ಚಹಾ ಕೊಟ್ಟರು, ಕೂಸಿನ ಮಾತು ಮಾತ್ರ ಎತ್ತಲಿಲ್ಲ. ಮಾಡಿದ್ದು ತಪ್ಪಾಯಿತು ಎಂದು ಎಲ್ಲ ಮನೆಯಲ್ಲೂ ಹೇಳಿದೆ. ಹೇಳಿ ಹೇಳಿ ಗಂಟಲು ಒಣಗಿತು. ರಸ್ತೆಯಲ್ಲಿ ನಡೆಯುವಾಗ ಹಿಂದೆ ಯಾರಾದರೂ ನಕ್ಕರೆ ನನ್ನನ್ನೇ ನೋಡಿ ನಕ್ಕಂತೆ ಅನಿಸುವುದು.

ಊರ ಕೊನೆಯ ಮನೆ ಗದ್ದೆ ಕೂಲಿಗೆ ಹೋಗುವ ಒಬ್ಬ ಹೆಂಗಸಿನದು. ಅವಳ ಒಂದೂವರೆ ವರ್ಷದ ಗಂಡುಕೂಸು ನನ್ನ ಪುಸ್ತಕದಲ್ಲಿ ಎಲ್ಲರಿಗಿಂತ ಹಿಂದೆ ಉಳಿದಿತ್ತು. ಅವಳು ಬೆಳಕು ಹರಿಯುತ್ತಲೇ ಕೂಲಿಗೆ ಹೋದರೆ ಸಂಜೆ ಬರುವವಳು. ಕೂಸನ್ನು ಏಳು ವರ್ಷದ ಅಕ್ಕ ನೋಡಿಕೊಳ್ಳುತ್ತಿದ್ದಳು. ನಾನು ಹೋದಾಗ ಅವಳು ಆಗಷ್ಟೇ ಗದ್ದೆಯಿಂದ ಬಂದು, ಕಾಲಿನ ಧೂಳು ತೊಳೆಯದೆ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಕೇಳಿದಳು:

"ನಾಯಿ ಎಷ್ಟು ತೂಗಿತ್ತರಿ ಬಾಯಾರ?"

"ಎಂಟೂವರಿ," ಎಂದೆ.

"ನನ್ನ ಮಗಾ ಹೋದ ಸಲ ಎಷ್ಟಿದ್ದ?"

ಪುಸ್ತಕ ತೆರೆಯುವ ಅಗತ್ಯವಿರಲಿಲ್ಲ. "ಆರೂವರಿ," ಎಂದೆ.

ಅವಳು ಕೂಸಿನ ಕಾಲು ಸವರಿದಳು. ಬೈಯುತ್ತಾಳೆ, ಬೈಯಲಿ ಎಂದು ನಿಂತಿದ್ದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ.

"ಅದಕ್ಕ ಏನ್ ಹಾಕ್ತೀರಿ?" ಎಂದಳು.

ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ ಪ್ರಶ್ನೆ ಅದು. ನನಗೆ ನೆಲ ಬಿರಿಯಬಾರದೇ ಅನಿಸಿತು. ಹುರಿದ ಬಾರ್ಲಿ ಹಿಟ್ಟು, ಹಾಲು, ರೊಟ್ಟಿ ಎಂದು ಸಣ್ಣ ದನಿಯಲ್ಲಿ ಹೇಳಿದೆ. ಹಿಟ್ಟನ್ನು ಹೇಗೆ ಹುರಿಯುತ್ತಾರೆ, ಹೇಗೆ ಕಲಸುತ್ತೀರಿ, ಎಷ್ಟು ಸಲ ಕೊಡುತ್ತೀರಿ ಎಂದು ಅವಳು ಒಂದೊಂದಾಗಿ ಕೇಳಿದಳು. ಇದೇ ಮಾತನ್ನು ನಾನು ಎಷ್ಟೋ ಸಲ ಅವಳ ಮುಂದೆ ಆಡಿದ್ದೆ. ಕಾಳು ಹುರಿದು ಬೀಸಿ ಮಕ್ಕಳಿಗೆ ಕೊಡಿರಿ ಎಂದು ಚಿತ್ರದ ಹಾಳೆ ಹಿಡಿದು ಓದಿ ಹೇಳಿ ಮುಂದಿನ ಮನೆಗೆ ಓಡಿದ್ದೆ. ಅವಳ ಮನೆಯಲ್ಲಿ ಕೂತು, ಯಾವ ಡಬ್ಬಿಯಲ್ಲಿ ಏನಿದೆ ಎಂದು ಕೇಳಿದವಳಲ್ಲ.

ಅವತ್ತು ಕೂತೆ. ಅವಳ ಹತ್ತಿರ ಜೋಳವಿತ್ತು, ಒಂದು ಸೇರಿನಷ್ಟು ಹೆಸರುಕಾಳಿತ್ತು. ಶೇಂಗಾ, ಬೆಲ್ಲ ನಾನು ಕಾಕುವಿನ ಮನೆಯಿಂದ ತಂದೆ. ಒಲೆ ಹಚ್ಚಿ ಒಂದೊಂದನ್ನೇ ಹುರಿದೆವು, ಬೀಸುವ ಕಲ್ಲಿನಲ್ಲಿ ಇಬ್ಬರೂ ಎದುರುಬದುರು ಕೂತು ಬೀಸಿದೆವು. ಎಷ್ಟು ಕೊಡಬೇಕು ಎಂದು ಅವಳು ಕೇಳಿದಾಗ ನಾನು ಬೆರಳು ಎತ್ತಲಿಲ್ಲ. ಅವಳ ಕೈಯನ್ನೇ ಹಿಡಿದು ಹಿಟ್ಟಿನಲ್ಲಿ ಅದ್ದಿಸಿದೆ. ನಿಮ್ಮ ಮುಷ್ಟಿಯಲ್ಲಿ ಅರ್ಧ, ಬಿಸಿನೀರಲ್ಲಿ ತೆಳ್ಳಗೆ ಕಲಸಿ, ಹೊತ್ತು ಏರಿದಾಗ ಒಮ್ಮೆ, ನೆತ್ತಿಗೆ ಬಂದಾಗ ಒಮ್ಮೆ, ಇಳಿದಾಗ ಒಮ್ಮೆ, ನೀವು ಬಂದ ಮೇಲೆ ಒಮ್ಮೆ. ಇದು ಗಂಜಿ ಬಿಟ್ಟಲ್ಲ, ಗಂಜಿಯ ಜೊತೆಗೆ. ಅವಳಿಂದಲೂ ಹೇಳಿಸಿದೆ, ಆ ಏಳು ವರ್ಷದ ಹುಡುಗಿಯಿಂದಲೂ ಹೇಳಿಸಿದೆ. ಹುಡುಗಿ ತನ್ನ ಮುಷ್ಟಿ ತೋರಿಸಿದಳು. ಅವಳ ಮುಷ್ಟಿಯಲ್ಲಾದರೆ ಪೂರ್ತಿ ಒಂದು ಎಂದು ತಿದ್ದಿದೆ.

ಮುಂದಿನ ಗುರುವಾರ ಮಾವಿನ ಮರದ ಕೆಳಗೆ ಬಂದವಳು ಅವಳೊಬ್ಬಳೇ. ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದಳು. ಮುಳ್ಳು ಅಲ್ಲೇ ಇತ್ತು, ಆರೂವರೆ. ಇಳಿದಿಲ್ಲವಲ್ಲ ಎಂದಳು. ಅದರ ಮುಂದಿನ ವಾರ ಅವಳ ಜೊತೆ ಇಬ್ಬರು ಬಂದರು. ಆಮೇಲೆ ಆರು ಜನ. ಹಾಲಿಗೆ ಬಂದು ನೋಡಿಹೋಗಿದ್ದ ಹೆಂಗಸು ಕೊನೆಯವರೆಗೂ ಬರಲಿಲ್ಲ. ಅವಳ ಕೂಸು ದುಂಡಗಿತ್ತು, ನಾನೂ ಒತ್ತಾಯ ಮಾಡಲಿಲ್ಲ.

ಈ ನಡುವೆ ನಾಯಿಯ ಊಟ ಇಳಿಸಿದ್ದೆ. ತಕ್ಕಡಿ ಮುಟ್ಟುವ ಮಾತಿರಲಿಲ್ಲ, ಬೆರಳನ್ನೇ ನಂಬಬೇಕಾಯಿತು. ಬೆಳಿಗ್ಗೆ ಒಂದು ರೊಟ್ಟಿ, ಸಂಜೆ ಒಂದು ಮುಷ್ಟಿ ಅನ್ನ, ಮಜ್ಜಿಗೆ. ಅದು ಬಟ್ಟಲನ್ನು ಮೂಗಿನಿಂದ ತಳ್ಳಿಕೊಂಡು ನನ್ನ ಬಾಗಿಲವರೆಗೆ ತರುವುದು. ನಾನು ಒಳಗೆ ನಿಂತು, ಊಟದ ತಟ್ಟೆ ಕೈಯಲ್ಲಿ ಹಿಡಿದು, ಹೊರಗೆ ಹೋಗಲೂ ಆಗದೆ ನುಂಗಲೂ ಆಗದೆ ಚಡಪಡಿಸುವೆ. ಹತ್ತು ದಿನವಾದರೂ ಪಕ್ಕೆಲುಬು ಕೈಗೆ ಸಿಗದಾಗ ಅನುಮಾನ ಬಂತು. ಕಾಕುವನ್ನು ಕೇಳಿದೆ. ಅವಳು ತಡಮಾಡದೆ ಒಪ್ಪಿಕೊಂಡಳು. ಹಾಲು ಹಿಂಡುವಾಗ ಅದು ಎದುರಿಗೆ ಬಂದು ಕೂರುತ್ತದೆ, ಪಾಪ ಅನಿಸಿ ಎರಡು ಹೊತ್ತೂ ಒಂದು ವಾಟಗದಷ್ಟು, ಅಂದರೆ ಸಣ್ಣ ಬಟ್ಟಲು ತುಂಬ, ಹಾಲು ಹಾಕುತ್ತಿದ್ದಳು. "ನೀವು ಅದರ ಹೊಟ್ಟಿ ಕಟ್ಟತೀರಿ ಅಂತ ನಾ ಹಾಕ್ತಿದ್ದೆ," ಎಂದಳು. ಇಬ್ಬರೂ ಕೂತು ಒಂದು ಒಪ್ಪಂದ ಮಾಡಿಕೊಂಡೆವು. ಹಾಲು ಬೆಳಿಗ್ಗೆ ಮಾತ್ರ, ಅದೂ ಅರ್ಧ ವಾಟಗ, ಹಾಕಿದ ದಿನ ರೊಟ್ಟಿಯಲ್ಲಿ ಕಾಲು ಭಾಗ ಕಡಿಮೆ. ಸಂಕ್ರಾಂತಿಯ ಹೊತ್ತಿಗೆ ಬೆರಳಿಗೆ ಎಲುಬು ಸಿಗಲು ಶುರುವಾಯಿತು. ಏದುಸಿರು ನಿಂತಿತು. ಬೇಲಿಯವರೆಗೆ ಓಡಿ ಕಾಗೆ ಅಟ್ಟುವುದನ್ನು ಕಲಿಯಿತು.

ಮೂರು ತಿಂಗಳು ಮುಗಿಯಿತು, ಟಿಬೆಟಿಯನ್ ಅಜ್ಜಿ ಬರಲಿಲ್ಲ. ಕ್ಯಾಂಪಿನ ಬಸ್ಸು ಬಂದಾಗಲೆಲ್ಲ ನಾನೂ ನಾಯಿಯೂ ಬೇಲಿಯ ಹತ್ತಿರ ಹೋಗಿ ನಿಲ್ಲುವೆವು. ಬೇರೆಯವರೆಲ್ಲ ಗಂಟುಮೂಟೆ ಇಳಿಸುತ್ತಿದ್ದರು. ಹದಿನೈದು ದಿನ ತಡವಾಗಿ ಅವಳು ಬಂದಳು, ಬಿಸಿಲಿಗೆ ಮುಖ ಕಪ್ಪಾಗಿ, ಕೆನ್ನೆ ಒಳಗೆ ಹೋಗಿ. ಪುಣೆಯಲ್ಲಿ ಮೊಮ್ಮಗುವಿಗೆ ಜ್ವರ ಬಂದಿತ್ತಂತೆ, ಈಗ ಗುಣವಾಗಿದೆ. ನಾಯಿ ಕೂಗಲಿಲ್ಲ, ಹಾರಲಿಲ್ಲ. ಹೋಗಿ ಅವಳ ಪಾದದ ಮೇಲೆ ಮಲಗಿಬಿಟ್ಟಿತು. ಅವಳು ಕೂತು ಎರಡೂ ಕೈಯನ್ನು ಕೂದಲೊಳಗೆ ಹಾಕಿ ಪಕ್ಕೆ ಮುಟ್ಟಿದಳು. ನಾನು ಪರೀಕ್ಷೆಯ ಫಲಿತಾಂಶ ಕಾಯುವವಳ ಹಾಗೆ ನಿಂತಿದ್ದೆ. ಅವಳು ತಲೆ ಅಲ್ಲಾಡಿಸಿದಳು. ಠೀಕ್ ಎಂದಳು.

ಎರಡು ಬೆರಳು ಯಾಕೆ ತೋರಿಸಿದ್ದಿರಿ ಎಂದು ಕೇಳಿದೆ. ಅವಳಿಗೆ ನೆನಪೇ ಇರಲಿಲ್ಲ. ನಾನು ಚೀಲ, ಮುಷ್ಟಿ, ಬೆರಳು ಎಲ್ಲ ಅಭಿನಯಿಸಿ ತೋರಿಸಿದ ಮೇಲೆ ಹೊಳೆಯಿತು. ದಿನಕ್ಕೆ ಒಂದು ಮುಷ್ಟಿ, ಚೀಲ ಎರಡು ತಿಂಗಳು ಬರುತ್ತದೆ, ಆಮೇಲೆ ನಿಮ್ಮ ರೊಟ್ಟಿ ಹಾಕಿ, ಅಷ್ಟೇ ಅವಳು ಹೇಳಿದ್ದು. ಚೀಲ ಎಷ್ಟು ದಿನ ಬಂತು ಎಂದು ಕೇಳಿದಳು. ಮೂರು ವಾರ ಎಂದೆ. ಅವಳು ಸೊಂಟಕ್ಕೆ ಕಟ್ಟಿಕೊಂಡಿದ್ದ ಪಟ್ಟೆಪಟ್ಟೆಯ ಬಟ್ಟೆಯಿಂದ ಕಣ್ಣೊರೆಸಿಕೊಳ್ಳುತ್ತಾ ಬಹಳ ಹೊತ್ತು ನಕ್ಕಳು. ನನಗೂ ನಗು ಬಂತು. ಅವಳು ಹಗ್ಗ ಕೂಡ ಹಿಡಿಯದೆ ನಡೆದಳು, ನಾಯಿ ಅವಳ ಹಿಂದೆ ಹೋಯಿತು.

ಆ ಗಂಡುಕೂಸು ಬೇಸಿಗೆ ಮುಗಿಯುವ ಹೊತ್ತಿಗೆ ಎಂಟು ಕಿಲೋ ದಾಟಿತು, ಗೋಡೆ ಹಿಡಿದು ನಿಲ್ಲತೊಡಗಿತು. ಮರುವರ್ಷದ ಆಷಾಢದಲ್ಲಿ ನನಗೆ ಜೋಯಿಡಾ ಕಡೆಗೆ ವರ್ಗವಾಯಿತು. ಹೊಸ ನರ್ಸಿಗೆ ಪುಸ್ತಕ ಒಪ್ಪಿಸುವಾಗ ಆ ಕೂಸಿನ ಹಾಳೆ ತೆಗೆದು, ಈ ಮನೆಯನ್ನು ತಪ್ಪಿಸಬೇಡಿರಿ ಎಂದೆ. ಪುಸ್ತಕದಾಗ ಐತಲ್ರಿ ಎಂದಳು ಅವಳು. ಆದರೂ ಬಸ್ ಸ್ಟ್ಯಾಂಡಿನಲ್ಲಿ ಮತ್ತೊಮ್ಮೆ ಹೇಳಿದೆ. ಜೋಯಿಡಾದಿಂದ ಎರಡು ಕಾಗದ ಬರೆದೆ. ಎರಡನೆಯದಕ್ಕೆ ಉತ್ತರ ಬಂತು: ಹುಡುಗ ಆರಾಮ ಇದ್ದಾನೆ, ಅಕ್ಕನ ಬೆನ್ನು ಹತ್ತಿ ಓಡುತ್ತಾನೆ, ನೀವು ಚಿಂತೆ ಮಾಡಬಾರದು. ನಾಯಿಯ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ನಾನು ನಾಚಿಕೊಂಡು ಕೇಳಿರಲೂ ಇಲ್ಲ.